ಗಣಕರಸಿಕರ ಒಂದು ಪತ್ರಿಕೆಯೂ ಚಿತ್ರಕಾವ್ಯವಿಚಾರವೂ

ಚಿತ್ರಕಾವ್ಯವು ಅಧಮವೆಂಬುದು ಅಲಂಕಾರಶಾಸ್ತ್ರವನ್ನು ಪಾಠ ಕೇಳಿದವರೆಲ್ಲರೂ ಬಾಲ್ಯದಲ್ಲಿಯೇ ಕಲಿತ ಮಾತು. ಆನಂದವರ್ಧನನು ಅದನ್ನು ಕಾವ್ಯವೆಂದೇ ಒಪ್ಪದೆ ಕಾವ್ಯದ ಅನುಕರಣವೆಂದನು. ಮಮ್ಮಟನು ವ್ಯಂಗ್ಯವಿಲ್ಲದ ಶಬ್ದಚಿತ್ರ ಅರ್ಥಚಿತ್ರಗಳನ್ನು ಮೂರನೆಯ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಭಾರವಿಯ ಹದಿನೈದನೆಯ ಸರ್ಗವನ್ನೂ ಮಾಘನ ಹತ್ತೊಂಬತ್ತನೆಯ ಸರ್ಗವನ್ನೂ ಪಾಠಶಾಲೆಗಳಲ್ಲಿ ಹೇಳಿಕೊಡುವಾಗ ಗುರುಗಳು ಒಂದು ಮುಗುಳ್ನಗೆಯನ್ನು ಬೆರಸಿಯೇ ಹೇಳಿಕೊಡುತ್ತಿದ್ದರು. ಈ ಲೇಖಕನೂ ಇಪ್ಪತ್ತೈದು ವರ್ಷ ಅದೇ ನಗೆಯೊಡನೆ ಪಾಠ ಹೇಳಿದವನು. ಈಚೆಗೆ ನೋಡಿದ ಒಂದು ಪತ್ರಿಕೆಯಿಂದ ಆ ನಗೆ ಕೊಂಚ ತಡೆದಿರುವುದು. ಅದು ಸಾಹಿತ್ಯಪತ್ರಿಕೆಯಲ್ಲ, ಗಣಕಯಂತ್ರದಲ್ಲಿ ಕುತೂಹಲವುಳ್ಳವರಿಗಾಗಿ ಅಮೆರಿಕದಲ್ಲಿ ಹುಟ್ಟಿದ ಸ್ವತಂತ್ರಪತ್ರಿಕೆ. ಆದರೂ ಅದರ ಆಕರ್ಷಣೆ ಎಲ್ಲಿದೆಯೆಂದು ವಿಚಾರಿಸುವುದು ಆಲಂಕಾರಿಕನ ಕೆಲಸವೇ ಆಗಿದೆಯೆಂದು ತೋರಿದುದರಿಂದ ಈ ಕೆಲವು ಮಾತುಗಳನ್ನು ವಿದ್ವಾಂಸರ ಮುಂದೆ ಇಡುತ್ತಿದ್ದೇನೆ.

ಪತ್ರಿಕೆಯ ಹೆಸರು ‘ಪಿ.ಓ.ಸಿ. ಆರ್ ಜಿ.ಟಿ.ಎಫ್.ಓ.’ ಎಂಬುದು. ಹೆಸರಿನ ಉತ್ತರಾರ್ಧವು ಗ್ರಾಮ್ಯ. ಅದನ್ನು ಶಿಷ್ಟರು ಕೇಳುವಂತೆ ಹೇಳುವುದಾದರೆ ‘ಪ್ರಯೋಗದಿಂದ ಸಾಧಿಸಿ ತೋರಿಸು, ಇಲ್ಲವಾದರೆ ತೊಲಗು’ ಎಂದಾಗುವುದು. ಎರಡು ಅರ್ಧಗಳ ನಡುವೆ ಎರಡು ನಿಂತ ಗೆರೆಗಳಿವೆ. ಇವನ್ನು ಮೊದಲು ಕಂಡಾಗ ನಾನು ಶ್ಲೋಕಾಂತ್ಯದ ದಂಡಗಳೆಂದೇ ಭ್ರಮಿಸಿದೆನು. ಗಣಕಭಾಷೆಗಳಲ್ಲಿ ಅದು ‘ಅಥವಾ’ ಎಂಬುದರ ಚಿಹ್ನೆಯೆಂದು ನನ್ನ ಶಿಷ್ಯನೊಬ್ಬನು ತಿದ್ದಿದನು. ಪತ್ರಿಕೆ ಆರಂಭವಾದುದು 2013ರಲ್ಲಿ. ಅದನ್ನು ನಡಸಿದವರಲ್ಲಿ ಪ್ರಮುಖರು ಟ್ರಾವಿಸ್ ಗುಡ್‌ಸ್ಪೀಡ್ ಎಂಬ ಯಂತ್ರಶೋಧಕರು. ಆದರೆ ಪುಟಗಳಲ್ಲಿ ಮಾತನಾಡುವವನು ‘ಪಾಸ್ಟರ್ ಮ್ಯಾನುಲ್ ಲಾಫ್ರೋಯಿಗ್’ ಎಂಬ ಕಲ್ಪಿತ ಉಪದೇಶಕ. ಮ್ಯಾನುಲ್ ಎಂಬುದು ಮಧ್ಯ ಏಷ್ಯದ ಒಂದು ಕಾಡುಬೆಕ್ಕು, ಲಾಫ್ರೋಯಿಗ್ ಎಂಬುದು ಸ್ಕಾಟ್ಲೆಂಡಿನ ಒಂದು ಮದ್ಯ. ಇದರಿಂದಲೇ ಸಂಪಾದಕರ ಚಿತ್ತವೃತ್ತಿ ವಿದಿತವಾಗುವುದು. ಸಂಚಿಕೆಗಳ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಬೆಲೆಯಿಲ್ಲ, ಜಾಹಿರಾತಿಲ್ಲ. ಓದಿದವನು ನಕಲು ಮಾಡಿ ನೆರೆಯವನಿಗೆ ಕೊಡಬೇಕೆಂಬುದೊಂದೇ ಕಟ್ಟಳೆ.

ಲೇಖನಗಳಿಗೆ ಹಳೆಯ ಇಂಗ್ಲಿಷು ಗ್ರಂಥಗಳ ರೀತಿಯ ಉದ್ದುದ್ದನೆಯ ಶೀರ್ಷಿಕೆಗಳಿವೆ. ಒಳಗಣ ವಿಷಯವಾದರೋ ಪರಮಕಠಿನ: ಒಂದು ಯಂತ್ರದ ಬೀಗವನ್ನು ಹೇಗೆ ತೆರೆಯಲಾಯಿತು, ಒಂದು ಕಡತದ ವಿನ್ಯಾಸದಲ್ಲಿ ಅವಿತಿರುವ ಸಂದಿ ಯಾವುದು, ಮುವ್ವತ್ತು ನಲವತ್ತು ವರ್ಷ ಹಿಂದಣ ಆಪಲ್ ಯಂತ್ರದ ತಟ್ಟೆಗಳನ್ನು ನಕಲಾಗದಂತೆ ಕಾಪಾಡಿದ ಉಪಾಯಗಳು ಯಾವುವು, ಇತ್ಯಾದಿ. ನಾನು ಇವೆಲ್ಲವನ್ನೂ ತಿಳಿದೆನೆಂದರೆ ಸುಳ್ಳಾದೀತು. ಶಿಷ್ಯನು ಹತ್ತಿರ ಕುಳಿತು ವಿವರಿಸಿದಷ್ಟನ್ನು ತಿಳಿದೆನು. ಮುಂದೆ ಬರೆದಿರುವುದು ಆ ಭಾಗವನ್ನು ಕುರಿತೇ.

ನನ್ನನ್ನು ಸೆರೆಹಿಡಿದುದು ಲೇಖನಗಳಿಗಿಂತಲೂ ಸಂಚಿಕೆಯೆಂಬ ವಸ್ತುವೇ. ಪತ್ರಿಕೆಯು ಪಿ.ಡಿ.ಎಫ್. ಎಂಬ ರೂಪದ ಕಡತವಾಗಿ ದೊರೆಯುತ್ತದೆ. ಅದನ್ನು ತೆರೆದು ಪುಸ್ತಕದಂತೆ ಓದಬಹುದು. ಅದೇ ಕಡತವನ್ನು, ಒಂದಕ್ಷರವನ್ನೂ ಬದಲಿಸದೆ, ಜಿಪ್ ಎಂಬ ಗಂಟು ಬಿಚ್ಚುವ ತಂತ್ರಾಂಶಕ್ಕೆ ಕೊಟ್ಟರೆ ಅದರೊಳಗಿಂದ ಬೇರೆ ಗ್ರಂಥಗಳೂ ಪ್ರಯೋಗಸಾಮಗ್ರಿಯೂ ಹೊರಬೀಳುತ್ತವೆ. ಇನ್ನೊಂದು ಸಂಚಿಕೆಯನ್ನು ಗಣಕಯಂತ್ರದ ತಟ್ಟೆಗೆ ಇದ್ದಂತೆಯೇ ಇಳಿಸಿದರೆ ಯಂತ್ರವು ಅದರಿಂದಲೇ ಎಚ್ಚರಗೊಳ್ಳುತ್ತದೆ. ಮತ್ತೊಂದು, ರೂಬಿ ಎಂಬ ಗಣಕಭಾಷೆಯ ಆಜ್ಞಾಮಾಲೆಯಾಗಿ ನಡೆದು, ಕೇಳಿದವರಿಗೆ ತನ್ನ ಪ್ರತಿಯನ್ನು ತಾನೇ ಬಡಿಸುತ್ತದೆ. ಆ ವಲಯದವರು ಇಂಥ ಕಡತವನ್ನು ‘ಬಹುಭಾಷಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಈ ವಿದ್ಯೆಯಲ್ಲಿ ಆಂಜ್ ಆಲ್ಬರ್ಟೀನಿ ಎಂಬವರು ಆಚಾರ್ಯಸ್ಥಾನದಲ್ಲಿರುವರು. ನಮ್ಮವರಿಗೆ ಇದಕ್ಕೆ ಬೇರೆ ಹೆಸರು ಬೇಕಾಗಿಲ್ಲ, ಇದು ಶ್ಲೇಷ.

ಶ್ಲೇಷವೆಂದು ಬರಿಯ ಹೋಲಿಕೆಗಾಗಿ ಹೇಳಿದ ಮಾತಲ್ಲ. ರಚನಾಕ್ರಮವನ್ನು ನೋಡಿದರೆ ಸಾಮ್ಯವು ಮೂಲದಲ್ಲಿಯೇ ಇದೆ. ಪಿ.ಡಿ.ಎಫ್. ಓದುವ ತಂತ್ರಾಂಶವು ಕಡತದ ಆದಿಯಲ್ಲಿ ಒಂದು ನಿಯತವಾದ ಮುದ್ರೆಯನ್ನು ಹುಡುಕುತ್ತದೆ. ಆದರೆ ಆ ಮುದ್ರೆ ಮೊಟ್ಟಮೊದಲ ಬೈಟಿನಲ್ಲಿಯೇ ಇರಬೇಕೆಂದು ಹಠ ಹಿಡಿಯದೆ, ಮೊದಲ 1024 ಬೈಟುಗಳೊಳಗೆ ಎಲ್ಲಿದ್ದರೂ ಒಪ್ಪಿಕೊಳ್ಳುವ ವಾಡಿಕೆ ಬಹುಕಾಲ ನಡೆಯಿತು. ಜಿಪ್ ತಂತ್ರಾಂಶವಾದರೋ ಕಡತದ ಅಂತ್ಯದಲ್ಲಿರುವ ಅನುಕ್ರಮಣಿಕೆಯನ್ನು ಮೊದಲು ನೋಡಿ, ಅದು ತೋರಿಸಿದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಒಬ್ಬ ಓದುಗನು ಮುಂದಿನಿಂದ, ಒಬ್ಬನು ಹಿಂದಿನಿಂದ! ದೈವಜ್ಞ ಸೂರ್ಯಕವಿಯ ‘ರಾಮಕೃಷ್ಣವಿಲೋಮಕಾವ್ಯ’ದಲ್ಲಿ ಅನುಲೋಮವಾಗಿ ರಾಮಕಥೆಯೂ ವಿಲೋಮವಾಗಿ ಕೃಷ್ಣಕಥೆಯೂ ಬರುವ ಚಮತ್ಕಾರವು ಇಲ್ಲಿ ನೆನಪಾಗದೆ ಇರದು. ಇನ್ನು ಯಂತ್ರವನ್ನು ಎಚ್ಚರಿಸುವ ಭಾಗವು ಮೊದಲ 512 ಬೈಟುಗಳಲ್ಲಿರಬೇಕು, ಅವುಗಳ ಕೊನೆಯ ಎರಡು ಬೈಟುಗಳು ನಿಯತವಾಗಿರಬೇಕು. ಅಷ್ಟಿದ್ದರೆ ಆ ಓದುಗನು ಮಿಕ್ಕ ಪುಟಗಳನ್ನು ಕಣ್ಣೆತ್ತಿಯೂ ನೋಡನು. ಹೀಗೆ ಮೂವರು ಓದುಗರೂ ತಮಗೆ ಬೇಡವಾದುದನ್ನು ಕಾಣದೆ ದಾಟುವುದರಿಂದ ಮೂವರಿಗೂ ಒಂದೇ ಬೈಟುಸಾಲಿನಲ್ಲಿ ಸ್ಥಳ ದೊರೆಯುವುದು.

ತಾಳೆಯೋಲೆಯನ್ನು ಓದಿದವರಿಗೆ ಇದು ಹೊಸತಲ್ಲ. ಓಲೆಯಲ್ಲಿ ಪದಗಳ ನಡುವೆ ಎಡೆಯಿರುವುದಿಲ್ಲ. ‘ಗುರುಗಳೇನಿಲ್ಲಿ’ ಎಂದಿದ್ದರೆ ‘ಗುರುಗಳು ಏನು ಇಲ್ಲಿ’ ಎಂಬ ಆಶ್ಚರ್ಯವೋ, ‘ಗುರುಗಳೇ, ನಿಲ್ಲಿ’ ಎಂಬ ಬಿನ್ನಹವೋ? ಅಕ್ಷರಗಳು ಅವೇ, ಕತ್ತರಿ ಎಲ್ಲಿ ಬಿದ್ದಿತೆಂಬುದರ ಮೇಲೆ ಅರ್ಥ. ನಮ್ಮವರು ಸಭಂಗಶ್ಲೇಷವೆಂದು ಕರೆದುದು ಇದನ್ನೇ.

ಹದಿನಾಲ್ಕು ಎಂಬ ಸಂಖ್ಯೆಯ, 2017ರ ಸಂಚಿಕೆಯನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ಎಂ.ಡಿ.5 ಎಂಬುದು 1992ರಲ್ಲಿ ಪ್ರಕಟವಾದ ಒಂದು ಗಣಿತಕ್ರಮ. ಯಾವ ಕಡತವನ್ನು ಕೊಟ್ಟರೂ ಅದನ್ನು ಅರೆದು 32 ಚಿಹ್ನೆಗಳ ಒಂದು ಬೆರಳಚ್ಚನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಂದು ವ್ಯತ್ಯಾಸವಾದರೂ ಬೆರಳಚ್ಚು ಪೂರ್ತಿ ಬೇರೆಯಾಗಬೇಕೆಂಬುದು ಉದ್ದೇಶ. ಹೀಗಿರುವಲ್ಲಿ ಕಡತವು ತನ್ನ ಬೆರಳಚ್ಚನ್ನು ತನ್ನೊಳಗೇ ಬರೆದುಕೊಳ್ಳುವುದು ಅಶಕ್ಯವೆಂದು ತೋರುವುದು: ಬರೆದ ಕೂಡಲೆ ಕಡತ ಬದಲಾಯಿತು, ಬದಲಾದ ಕೂಡಲೆ ಬೆರಳಚ್ಚು ಬದಲಾಯಿತು, ಬರೆದುದು ಸುಳ್ಳಾಯಿತು. ತರ್ಕದವರು ಇದನ್ನು ಅನ್ಯೋನ್ಯಾಶ್ರಯವೆಂದು ತಳ್ಳಿಬಿಡುವರು. ಆದರೆ ಆ ಸಂಚಿಕೆಯ ಮುಖಪುಟದಲ್ಲಿ ಅದರ ಬೆರಳಚ್ಚು ಅಚ್ಚಾಗಿದೆ, ಮತ್ತು ಅದು ಸರಿಯಾಗಿದೆ. ಸಾಲದುದಕ್ಕೆ ಅದೇ ಕಡತವು ನಿಂಟೆಂಡೊ ಎಂಬ ಹಳೆಯ ಆಟದ ಯಂತ್ರದಲ್ಲಿಯೂ ನಡೆದು ಅಲ್ಲಿಯೂ ಅದೇ 32 ಚಿಹ್ನೆಗಳನ್ನು ತೋರಿಸುತ್ತದೆ.

ಉಪಾಯವಿದು. 2004ರಲ್ಲಿ ವಾಂಗ್ ಷಿಯಾವ್‌ಯುನ್ ಮೊದಲಾದ ಚೀನೀ ವಿದ್ವಾಂಸರು, ಬೇರೆ ಬೇರೆಯಾದ ಎರಡು ತುಂಡುಗಳಿಗೆ ಎಂ.ಡಿ.5 ಒಂದೇ ಬೆರಳಚ್ಚನ್ನು ಕೊಡುವಂತೆ ಮಾಡಬಹುದೆಂದು ತೋರಿಸಿದ್ದರು. ಸಂಚಿಕೆಯನ್ನು ಕಟ್ಟಿದವರು ಇಂಥ ಜೋಡಿ ತುಂಡುಗಳನ್ನು ಅನೇಕವಾಗಿ ಸಿದ್ಧಪಡಿಸಿ ಸಾಲಾಗಿ ಜೋಡಿಸಿದರು. ಪ್ರತಿಯೊಂದು ಜೋಡಿಯಲ್ಲಿಯೂ ಯಾವ ತುಂಡನ್ನಿಟ್ಟರೂ ಬೆರಳಚ್ಚು ಕದಲದು. ಆದರೆ ಯಾವುದನ್ನಿಟ್ಟಿತೆಂಬುದನ್ನು ಅನುಸರಿಸಿ ಪುಟದ ಮೇಲೆ ಕಾಣುವ ಅಂಕ ಬೇರೆಯಾಗುವುದು. ಎಲ್ಲವನ್ನೂ ಕಟ್ಟಿ ಮುಗಿಸಿ, ಬೆರಳಚ್ಚನ್ನು ಎಣಿಸಿ, ಬಳಿಕ ಆ ಬೆರಳಚ್ಚೇ ಕಾಣುವಂತೆ ತುಂಡುಗಳನ್ನು ಆರಿಸಿಟ್ಟರು. ಛಂದಸ್ಸು ಬಲ್ಲವರಿಗೆ ಹೀಗೆ ಹೇಳಬಹುದು: ಷಟ್ಪದಿಯ ಒಂದು ಗಣದ ಸ್ಥಾನದಲ್ಲಿ ನಾಲ್ಕು ಮಾತ್ರೆಯ ಯಾವ ಪದವನ್ನಿಟ್ಟರೂ ಪಾದದ ಒಟ್ಟು ಮಾತ್ರೆ ಕದಲುವುದಿಲ್ಲ, ಅರ್ಥ ಮಾತ್ರ ಬದಲಾಗುತ್ತದೆ. ಅಂಥ ಸ್ಥಾನಗಳನ್ನು ಮುಂಚೆಯೇ ತೆರವಾಗಿಟ್ಟು, ಪದ್ಯವೆಲ್ಲ ಮುಗಿದ ಮೇಲೆ ಮಾತ್ರೆಗಳ ಮೊತ್ತವನ್ನು ಎಣಿಸಿ, ಆ ಮೊತ್ತವನ್ನು ಹೇಳುವ ಪದಗಳನ್ನೇ ಅಲ್ಲಿ ತುಂಬಿದಂತೆ.

ಇಲ್ಲಿಗೆ ಬಂದಾಗ ನನ್ನ ಹಳೆಯ ಪಾಠ ಎದ್ದು ನಿಂತಿತು. ಕೌಶಲವೇನೋ ಉಂಟು, ಇದರಿಂದ ಪ್ರಯೋಜನವೇನು? ಕವಿರಾಜನ ‘ರಾಘವಪಾಂಡವೀಯ’ದಲ್ಲಿ ಎರಡು ಕಥೆಗಳೂ ಒಟ್ಟಿಗೆ ಸಾಗುತ್ತವೆ, ಆದರೆ ಎರಡರಲ್ಲಿ ಒಂದಾದರೂ ಹೃದಯವನ್ನು ಮುಟ್ಟುವುದೇ? ಶ್ರೀಹರ್ಷನು ನೈಷಧದ ಹದಿಮೂರನೆಯ ಸರ್ಗದಲ್ಲಿ ಒಂದೇ ಶ್ಲೋಕವು ನಾಲ್ವರು ದೇವತೆಗಳಿಗೂ ನಳನಿಗೂ ಸಲ್ಲುವಂತೆ ರಚಿಸಿದಾಗ ಮಾತ್ರ, ದಮಯಂತಿಯ ದಿಗ್ಭ್ರಮೆಯೇ ಶ್ಲೇಷವಾಗಿ ಮೂಡಿರುವುದರಿಂದ, ಅಲಂಕಾರವು ಕಥೆಯ ಒಳಗಿನದಾಗಿದೆ. ಬೇರೆಡೆಗಳಲ್ಲಿ ಅದು ಹೊರಗಿನ ಒಡವೆ. ಈ ಪತ್ರಿಕೆಯ ಶ್ಲೇಷವು ಯಾವ ಬಗೆಯದು?

ನನಗೆ ತೋರುವಂತೆ ಇದನ್ನು ಕವಿರಾಜನೊಡನೆ ಹೋಲಿಸುವುದೇ ತಪ್ಪು; ಹೋಲಿಸಬೇಕಾದುದು ಭಟ್ಟಿಯೊಡನೆ. ಭಟ್ಟಿಕಾವ್ಯದಲ್ಲಿ ರಾಮಕಥೆ ನಡೆಯುತ್ತಿರುವಾಗಲೇ ಪಾಣಿನಿಯ ಸೂತ್ರಗಳಿಗೆ ಉದಾಹರಣೆಗಳು ಕ್ರಮವಾಗಿ ಬರುತ್ತವೆ; ಪದ್ಯವು ಶಾಸ್ತ್ರದ ಪ್ರಯೋಗವಾಗಿದೆ. ಈ ಪತ್ರಿಕೆಯೂ ಹಾಗೆಯೇ. ಅದು ಪ್ರತಿಪಾದಿಸುವ ಶಾಸ್ತ್ರವಿಷಯವು ಒಂದು: ಕಡತಕ್ಕೆ ಸ್ವತಃ ಅರ್ಥವಿಲ್ಲ, ಓದುವವನು ಕೊಟ್ಟುದೇ ಅರ್ಥ, ಇಬ್ಬರು ಓದುಗರು ಒಂದೇ ಬರಹವನ್ನು ಬೇರೆ ಬೇರೆಯಾಗಿ ಓದಿದಲ್ಲಿ ಅಪಾಯವು ಹುಟ್ಟುತ್ತದೆ. ಇದು ಹರಟೆಯ ಮಾತಲ್ಲ. ಪತ್ರಿಕೆ ಹುಟ್ಟಿದ 2013ರಲ್ಲಿಯೇ ಆಂಡ್ರಾಯ್ಡ್ ದೂರವಾಣಿಗಳಲ್ಲಿ ಒಂದು ದೋಷವು ಬೆಳಕಿಗೆ ಬಂದಿತು. ಆ ದೂರವಾಣಿಗಳ ತಂತ್ರಾಂಶಗಳು ಜಿಪ್ ಗಂಟುಗಳಾಗಿಯೇ ಬರುವುವು. ಗಂಟಿನೊಳಗೆ ಒಂದೇ ಹೆಸರಿನ ಎರಡು ಕಡತಗಳಿದ್ದರೆ, ಕರ್ತೃವಿನ ರುಜುವನ್ನು ಪರೀಕ್ಷಿಸುವ ಭಾಗವು ಒಂದನ್ನು ನೋಡಿ ಸರಿಯೆಂದು ಒಪ್ಪುತ್ತಿತ್ತು, ಸ್ಥಾಪಿಸುವ ಭಾಗವು ಇನ್ನೊಂದನ್ನು ಸ್ಥಾಪಿಸುತ್ತಿತ್ತು. ಪರೀಕ್ಷಕನ ಮುಂದೆ ಸಾಧು, ಮನೆಯೊಳಗೆ ಕಳ್ಳ. ಇದೂ ಶ್ಲೇಷವೇ, ಆದರೆ ದುಷ್ಟಶ್ಲೇಷ. ಪತ್ರಿಕೆಯವರು ಆ ತತ್ತ್ವವನ್ನು ಲೇಖನದಲ್ಲಿ ವಾದಿಸಿ ಬಿಡದೆ, ಲೇಖನವನ್ನು ಹೊತ್ತ ಕಡತವನ್ನೇ ದೃಷ್ಟಾಂತವಾಗಿ ಮಾಡಿದರು. ನೈಯಾಯಿಕರ ಪಂಚಾವಯವದಲ್ಲಿ ಪ್ರತಿಜ್ಞೆಯೂ ಉದಾಹರಣೆಯೂ ಬೇರೆ ಬೇರೆ ವಾಕ್ಯಗಳು. ಇಲ್ಲಿ ಪ್ರತಿಜ್ಞೆಯನ್ನು ಓದುತ್ತಿರುವವನು ಉದಾಹರಣೆಯನ್ನು ಕೈಯಲ್ಲಿ ಹಿಡಿದೇ ಇರುತ್ತಾನೆ. ಹೆಸರಿನ ಗ್ರಾಮ್ಯವಾದ ಗದರಿಕೆಗೆ ಸಂಪಾದಕರು ಮೊದಲು ತಾವೇ ತಲೆಬಾಗಿರುವರು.

ಈ ತತ್ತ್ವದ ಕಹಿಯನ್ನು ನಾನೇ ಉಂಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಓಲೆಪ್ರತಿಯನ್ನು ಪರಿಶ್ರಮದಿಂದ ಬೆರಳಚ್ಚು ಮಾಡಿಸಿಟ್ಟಿದ್ದೆನು. ಆ ಕಾಲದ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆಂದು ಗೊತ್ತಾದ ಸಂಖ್ಯೆಗಳ ಮೇಲೆಯೇ ಕನ್ನಡದ ತುಂಡುರೂಪಗಳನ್ನು ಹೊದಿಸುತ್ತಿದ್ದವು. ಯಂತ್ರವನ್ನು ಬದಲಾಯಿಸಿದ ಮೇಲೆ ಕಡತವನ್ನು ತೆರೆದರೆ ನಾನೂರು ಪದ್ಯಗಳ ಸ್ಥಾನದಲ್ಲಿ ಯಾವ ನಾಡಿಗೂ ಸೇರದ ಚಿಹ್ನೆಗಳ ಜಾತ್ರೆ ನೆರೆದಿತ್ತು. ಒಂದು ಬೈಟೂ ಕೆಟ್ಟಿರಲಿಲ್ಲವೆಂದು ಈಗ ತಿಳಿಯುತ್ತದೆ. ಓದುಗನು ಬದಲಾಗಿದ್ದನು, ಅಷ್ಟೇ. ಆಗ ಮಾತ್ರ ಎರಡು ದಿನ ಊಟ ರುಚಿಸಲಿಲ್ಲ.

‘ಸಿರಿಭೂವಲಯ’ವನ್ನು ಕೆಲವರು ಈ ಸಂದರ್ಭದಲ್ಲಿ ಸ್ಮರಿಸಬಹುದು. 1ರಿಂದ 64ರ ವರೆಗಿನ ಅಂಕಗಳನ್ನು ಇಪ್ಪತ್ತೇಳು ಸಾಲು ಇಪ್ಪತ್ತೇಳು ಕಂಬಗಳ ಚಕ್ರಗಳಲ್ಲಿ ತುಂಬಿದ, 1953ರಲ್ಲಿ ಅಚ್ಚಾದ ಆ ಗ್ರಂಥವು ಅನೇಕ ಭಾಷೆಗಳಲ್ಲಿ ಓದಿಸಿಕೊಳ್ಳುವುದೆಂಬ ವಾದವುಂಟು. ಅದರ ಕಾಲವೂ ಆ ವಾದಗಳೂ ವಿವಾದಗ್ರಸ್ತವಾಗಿವೆ. ಇಲ್ಲಿ ತೀರ್ಪು ಹೇಳುವ ಉದ್ದೇಶ ನನಗಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಅಲ್ಲಿ ಓದುವ ಬಂಧವನ್ನು ಹಿರಿಯರು ಹೇಳಿದಂತೆ ನಾವು ನಂಬಬೇಕಾಗಿದೆ. ಇಲ್ಲಿ ಯಾರೂ ಯಾರನ್ನೂ ನಂಬಬೇಕಾಗಿಲ್ಲ. ಶಿಷ್ಯನು ನನ್ನ ಮುಂದೆಯೇ ಹದಿನಾಲ್ಕನೆಯ ಸಂಚಿಕೆಯ ಬೆರಳಚ್ಚನ್ನು ಎಣಿಸಿ ತೋರಿಸಿದನು. ಮುಖಪುಟದ ಚಿಹ್ನೆಗಳೊಡನೆ ಒಂದೊಂದಾಗಿ ಹೋಲಿಸಿದೆನು. ಮುವ್ವತ್ತೆರಡೂ ಕೂಡಿಬಂದವು.

ಆಗ ಉಂಟಾದ ಭಾವವನ್ನು ಅದ್ಭುತರಸವೆನ್ನಲು ನನಗೆ ಸಂಕೋಚವಿಲ್ಲ. ಇಂದ್ರಜಾಲದ ವಿಸ್ಮಯವು ಕಾರಣ ತಿಳಿದೊಡನೆ ಸಾಯುತ್ತದೆ. ಕೈಚಳಕವನ್ನು ಕಂಡವನು ಎರಡನೆಯ ಬಾರಿ ಕಾಸು ಕೊಡನು. ಈ ಪತ್ರಿಕೆಯ ವಿಸ್ಮಯವಾದರೋ ಕಾರಣ ತಿಳಿದ ಮೇಲೆ ಬೆಳೆಯಿತು. ಸಂಚಿಕೆಯೊಳಗೇ ಆ ಸಂಚಿಕೆಯನ್ನು ಕಟ್ಟಿದ ಬಗೆಯನ್ನು ವಿವರಿಸುವ ಲೇಖನವಿರುವುದುಂಟು. ಗುಟ್ಟನ್ನು ಬಯಲುಮಾಡಿ ಸಂಪಾದಕರು ಕಳೆದುಕೊಂಡುದೇನೂ ಇಲ್ಲ. ಕುತೂಹಲಿಗಳಾದ ಗಣಕರಸಿಕರು ಈ ಪತ್ರಿಕೆಗಾಗಿ ಏಕೆ ಹಾತೊರೆದರೆಂಬುದಕ್ಕೆ ನನ್ನ ಉತ್ತರವಿದೇ. ಮಿಕ್ಕ ಪತ್ರಿಕೆಗಳು ಅವರಿಗೆ ವಾರ್ತೆಯನ್ನು ಕೊಟ್ಟವು. ಇದು ಅವರನ್ನು ಸಹೃದಯರೆಂದು ಎಣಿಸಿ, ತಾನು ಕಂಡುದನ್ನು ಅವರೂ ಮನೆಯಲ್ಲಿ ಕುಳಿತು ಮಾಡಿ ಕಾಣುವಂತೆ ಮಾಡಿತು.

ಸ್ವತಂತ್ರವಾಗಿರದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ‘ಬೈಟ್’ ಎಂಬ ಪತ್ರಿಕೆ 1975ರಲ್ಲಿ ಉತ್ಸಾಹಿಗಳ ಕೈಯಿಂದ, ಉತ್ಸಾಹಿಗಳಿಗಾಗಿಯೇ ಹುಟ್ಟಿತು. 1979ರಲ್ಲಿ ಮೆಕ್‌ಗ್ರಾ-ಹಿಲ್ ಎಂಬ ದೊಡ್ಡ ಪ್ರಕಾಶಕರ ವಶವಾಯಿತು. ಜಾಹಿರಾತುಗಳಿಂದ ಇಟ್ಟಿಗೆಯಷ್ಟು ದಪ್ಪವಾಗಿ ಬೆಳೆದು, 1998ರಲ್ಲಿ ಮುದ್ರಣವನ್ನು ನಿಲ್ಲಿಸಿತು. ಕೊಳ್ಳಬೇಕಾದ ಯಂತ್ರಗಳ ಗುಣದೋಷವನ್ನು ಹೇಳುವ ಪತ್ರಿಕೆಗೆ, ಯಾರೂ ಕೊಳ್ಳದ ಹಳೆಯ ಆಟದ ಯಂತ್ರದಲ್ಲಿ ತನ್ನ ಬೆರಳಚ್ಚನ್ನು ತೋರಿಸುವ ಬಿಡುವು ಎಲ್ಲಿಂದ ಬಂದೀತು? 1984ರಲ್ಲಿ ಹುಟ್ಟಿದ ‘2600’ ಎಂಬ ತ್ರೈಮಾಸಿಕವು ಈ ದಾರಿಯಲ್ಲಿ ಹಿರಿಯದು. ದೂರವಾಣಿಯ ಜಾಲವನ್ನು ವಶಪಡಿಸಿಕೊಳ್ಳುವ ಒಂದು ನಾದದ ಸಂಖ್ಯೆಯೇ ಅದರ ಹೆಸರು.

ದೋಷಗಳನ್ನು ಮುಚ್ಚಿಡಲಾಗದು. ಉಪದೇಶಕನ ಸೋಗು ಮೊದಲ ಎರಡು ಸಂಚಿಕೆಗಳಲ್ಲಿ ನಗಿಸುತ್ತದೆ, ಐದನೆಯದರಲ್ಲಿ ಬೇಸರ ತರುತ್ತದೆ. ಮದ್ಯದ ಹಾಸ್ಯವು ಅತಿಯಾಯಿತು. ಇದಕ್ಕಿಂತ ಗುರುತರವಾದ ದೋಷವೊಂದಿದೆ. ಭಟ್ಟಿಯು ತನ್ನ ಕಾವ್ಯವು ವ್ಯಾಖ್ಯಾನದಿಂದಲೇ ತಿಳಿಯತಕ್ಕುದೆಂದೂ, ಬುದ್ಧಿವಂತರಿಗೆ ಹಬ್ಬವೆಂದೂ, ಮಂದಮತಿಗಳು ಇದರಲ್ಲಿ ಹತರಾದರೆಂದೂ ಹೆಮ್ಮೆಯಿಂದ ಹೇಳಿಕೊಂಡನು. ಭಾಮಹನು ಅದೇ ಮಾತನ್ನು ತಿರುಗಿಸಿ, ಕಾವ್ಯವೂ ಶಾಸ್ತ್ರದಂತೆ ವ್ಯಾಖ್ಯಾನಗಮ್ಯವಾದರೆ ಅಯ್ಯೋ, ಮಂದರ ಗತಿಯೇನೆಂದನು. ಈ ಪತ್ರಿಕೆಯೂ ಭಟ್ಟಿಯ ಪಕ್ಷದ್ದೇ. ಯಂತ್ರಭಾಷೆಯನ್ನು ಅರಿಯದವನಿಗೆ ಒಂದು ಮೆಟ್ಟಿಲನ್ನೂ ಇಟ್ಟಿಲ್ಲ. ನನಗೆ ಶಿಷ್ಯನಿದ್ದನು; ಶಿಷ್ಯನಿಲ್ಲದ ಐವತ್ತು ವರ್ಷದವನು ಏನು ಮಾಡಬೇಕು? ದಂಡಿಯು ಪ್ರಹೇಳಿಕೆಗಳಿಗೆ ಹೇಳಿದ ಉಪಯೋಗಗಳು, ಅಂದರೆ ಕ್ರೀಡಾಗೋಷ್ಠಿಯ ವಿನೋದ, ಜನಸಂದಣಿಯಲ್ಲಿ ಬಲ್ಲವರೊಡನೆ ಗುಟ್ಟಿನ ಮಾತು, ಪರರನ್ನು ಮರುಳುಗೊಳಿಸುವುದು, ಈ ಮೂರೂ ಈ ವಲಯಕ್ಕೆ ಚೆನ್ನಾಗಿ ಒಪ್ಪುತ್ತವೆ. ಮೂರನೆಯದರ ಸುಖವು ಎಲ್ಲೆಡೆಯಲ್ಲಿಯೂ ನಿರ್ದೋಷವಲ್ಲ.

ಸಂಚಿಕೆಗಳನ್ನು ಒಟ್ಟುಗೂಡಿಸಿ ನೋ ಸ್ಟಾರ್ಚ್ ಪ್ರೆಸ್ ಎಂಬ ಪ್ರಕಾಶಕರು 2017ರಿಂದ ಸಂಪುಟಗಳಾಗಿ ಅಚ್ಚುಮಾಡಿದರು. ಶಿಷ್ಯನು ಮೊದಲು ನನ್ನ ಕೈಗಿತ್ತುದು ಅವುಗಳಲ್ಲಿ ಒಂದನ್ನೇ: ಕಪ್ಪು ಹೊದಿಕೆ, ಪುಟದಂಚಿಗೆ ಹೊನ್ನಿನ ಬಣ್ಣ, ಗುರುತಿಗೆ ಪಟ್ಟೆಯ ದಾರ, ಧರ್ಮಗ್ರಂಥವೆಂದೇ ಎರಡು ಕೈಗಳಿಂದ ತೆಗೆದುಕೊಂಡೆನು. ಅಂದವಾದ ಪುಸ್ತಕ. ಆದರೆ ಕಾಗದವನ್ನು ಒಂದೇ ಬಗೆಯಾಗಿ ಓದಬಹುದು. ರಾಘವಪಾಂಡವೀಯವನ್ನು ಅನುವಾದಿಸಹೊರಟವನ ಕೈಯಲ್ಲಿ ಒಂದು ಕಥೆ ಉಳಿದು ಇನ್ನೊಂದು ಸೋರಿಹೋಗುವಂತೆ, ಇಲ್ಲಿ ಲೇಖನಗಳು ಉಳಿದು ಶ್ಲೇಷವು ಹೋಯಿತು. ಕಡತಗಳಿಗೂ ಬೇರೊಂದು ಭಯವಿದೆ. ಓದುವ ತಂತ್ರಾಂಶಗಳು ಸಡಿಲವಾಗಿದ್ದುದರಿಂದಲೇ ಈ ಶ್ಲೇಷವು ನಿಂತಿತ್ತು. ಅಡೋಬಿಯವರ ತಂತ್ರಾಂಶವು ಬೇರೆ ಜಾತಿಯ ಕಡತಗಳ ಮುದ್ರೆಯಿಂದ ಆರಂಭವಾಗುವ ಪಿ.ಡಿ.ಎಫ್.ಗಳನ್ನು ನಿರಾಕರಿಸತೊಡಗಿದುದು ಈ ಬಿಗಿಯ ಒಂದು ಲಕ್ಷಣ. ಅಪಾಯವನ್ನು ತಡೆಯಲು ಅದು ಬೇಕಾದುದೇ. ಆದರೆ ಓದುಗರೆಲ್ಲರೂ ಹೀಗೆ ಬಿಗಿಯಾದ ದಿನ, ಬೈಟುಗಳು ಅಕ್ಷತವಾಗಿದ್ದರೂ ಸಂಚಿಕೆಗಳ ಎರಡನೆಯ ಅರ್ಥವು ಮುಚ್ಚಿಹೋಗುವುದು. ಆದುದರಿಂದ ಈ ಪತ್ರಿಕೆಯನ್ನು ಮುಂದೆ ಯಾರಾದರೂ ಶಾಸ್ತ್ರೀಯವಾಗಿ ಪರಿಷ್ಕರಿಸುವುದಾದರೆ, ಪ್ರತಿಯೊಂದು ಸಂಚಿಕೆಯೊಡನೆ ಅದನ್ನು ಓದುತ್ತಿದ್ದ ಅಂದಿನ ತಂತ್ರಾಂಶಗಳನ್ನೂ, ಅವುಗಳ ಆವೃತ್ತಿಯ ಸಂಖ್ಯೆಯೊಡನೆ, ಮೂಲದ ಪಕ್ಕದಲ್ಲಿ ಟೀಕೆಯನ್ನು ಕಟ್ಟಿಡುವಂತೆ ಒಟ್ಟಿಗೆ ಕಟ್ಟಿಡಬೇಕು.